ಸಂಜೆಯ ಬಿಳಿಯ ಚಹಾ

ಕಚೇರಿಯಿಂದ ಹಿಂದಿರುಗಿದ ಗೃಹಸ್ಥನ ಮುಖವನ್ನು ನೋಡಿ ಆ ಸಂಜೆಯ ಹವಾಮಾನವನ್ನು ಹೇಳಬಲ್ಲ ಜಾಣ್ಮೆ ಪ್ರತಿಯೊಂದು ಮನೆಯ ಗೃಹಿಣಿಗೂ ಉಂಟು. ಪಾದರಕ್ಷೆ ಬಾಗಿಲಲ್ಲಿ ಬಿದ್ದ ಸದ್ದು, ಚೀಲವನ್ನು ಕುರ್ಚಿಯ ಮೇಲೆ ಇಟ್ಟರೋ ಎಸೆದರೋ ಎಂಬ ಸೂಕ್ಷ್ಮ, ಕೈಕಾಲು ತೊಳೆಯುವಾಗ ನೀರು ಸುರಿಯುವ ವೇಗ. ಇಷ್ಟರಿಂದಲೇ ಬಿಸಿಲೋ ಮೋಡವೋ ಗುಡುಗೋ ಎಂಬುದು ಅಡಿಗೆಮನೆಗೆ ತಿಳಿದುಹೋಗುತ್ತದೆ. ಗುಡುಗಿನ ಸೂಚನೆಯಿದ್ದರೆ ಮಕ್ಕಳು ಪುಸ್ತಕ ಹಿಡಿಯುತ್ತಾರೆ. ಮನೆಯ ಶಾಂತಿಯನ್ನು ಕಾಯುವ ಭಾರವೆಲ್ಲ ಆಗ ಒಂದು ಲೋಟದ ಮೇಲೆ ಬೀಳುತ್ತದೆ. ಆ ಲೋಟದಲ್ಲಿರುವುದು ಕೆಲವು ಮನೆಗಳಲ್ಲಿ ಕಾಫಿ, ಕೆಲವು ಮನೆಗಳಲ್ಲಿ ಚಹಾ.

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಯೊಂದರಲ್ಲಿ ವಾಸಿಸುವ ರಾಯರ ಮನೆಯಲ್ಲಿ ಇದರ ಕ್ರಮ ಮೂವತ್ತು ವರ್ಷಗಳಿಂದ ಬದಲಾಗಿರಲಿಲ್ಲ. ಬೆಳಿಗ್ಗೆ ಫಿಲ್ಟರ್ ಕಾಫಿ. ಸಂಜೆ ಶುಂಠಿ ಜಜ್ಜಿ ಹಾಕಿದ, ಹಾಲು ಸಕ್ಕರೆ ಧಾರಾಳವಾಗಿರುವ ಚಹಾ. ರಾಯರು ಕಚೇರಿಯೊಂದರ ಲೆಕ್ಕಪತ್ರ ವಿಭಾಗದ ಮೇಲ್ವಿಚಾರಕರು. ಕೂಡಿ ಕಳೆದು ತಾಳೆ ನೋಡದೆ ಯಾವುದನ್ನೂ ನಂಬುವವರಲ್ಲ. ಹಾಗಿರುವಾಗ, ಕೆಲಸದ ನಿಮಿತ್ತ ಚೀನಾದ ಗ್ವಾಂಗ್‌ಝೌ ನಗರಕ್ಕೆ ಹೋಗಿ ಬಂದ ಮಗಳು ಒಂದು ತಗಡಿನ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟು, “ಅಪ್ಪ, ಇದು ಬಿಳಿ ಚಹಾ. ಕಿತ್ತಳೆ ಸಿಪ್ಪೆ ಸೇರಿಸಿದ್ದಾರೆ. ಸಂಜೆ ಕುಡಿದು ನೋಡು” ಎಂದಾಗ, ಅವರು ಮೊದಲು ನೋಡಿದ್ದು ಡಬ್ಬಿಯ ತಳದಲ್ಲಿ ಬೆಲೆಯ ಚೀಟಿಯಿದೆಯೋ ಎಂದು.

ಮರುದಿನ ಸಂಜೆ ಗೃಹಿಣಿ ಆ ಎಲೆಯನ್ನು ಎಂದಿನಂತೆಯೇ ನಡೆಸಿಕೊಂಡರು. ನೀರು, ಹಾಲು, ಶುಂಠಿ, ಸಕ್ಕರೆ ಎಲ್ಲವನ್ನೂ ಕೂಡಿಸಿ ಮೂರು ಬಾರಿ ಉಕ್ಕು ಬರಿಸಿ ಸೋಸಿ ಕೊಟ್ಟರು. ರಾಯರು ಒಂದು ಗುಟುಕು ಕುಡಿದು ಲೋಟವನ್ನು ದೂರ ಹಿಡಿದರು.

“ಇದೇನೇ ಇದು? ಬಿಸಿಹಾಲಿಗೆ ಯಾವಾಗಲೋ ತಿಂದ ಕಿತ್ತಳೆಹಣ್ಣಿನ ನೆನಪು ಬಂದ ಹಾಗಿದೆ.”

“ತಂದವಳು ನಿಮ್ಮ ಮಗಳು. ನನ್ನನ್ನೇಕೆ ಕೇಳುತ್ತೀರಿ?”

ಒಳಗಿನಿಂದ ಓಡಿಬಂದ ಮಗಳು ಪಾತ್ರೆಯನ್ನು ಕಂಡು ತಲೆಯ ಮೇಲೆ ಕೈ ಹೊತ್ತುಕೊಂಡಳು. “ಅಮ್ಮಾ, ಹಾಲು ಹಾಕಿ ಕುದಿಸಿಬಿಟ್ಟೆಯಾ!”

ಆ ದಿನ ತಪ್ಪು ಯಾರದೆಂಬುದು ತೀರ್ಮಾನವಾಗಲಿಲ್ಲ. ಎಲೆಯದಂತೂ ಅಲ್ಲ.

ಬಿಳಿಯ ಚಹಾ ಎಂದರೆ ಬೇರೊಂದು ಗಿಡವೇನಲ್ಲ. ಕಪ್ಪು ಚಹಾ, ಹಸಿರು ಚಹಾ, ಬಿಳಿಯ ಚಹಾ ಎಲ್ಲವೂ ಒಂದೇ ಜಾತಿಯ ಗಿಡದ ಮಕ್ಕಳು, ಭೇದವಿರುವುದು ಸಂಸ್ಕಾರದಲ್ಲಿ. ಕಪ್ಪು ಚಹಾದ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಯೊಡನೆ ಬೆರೆಯಲು ಬಿಟ್ಟು, ಬಣ್ಣ ತಿರುಗಿದ ಮೇಲೆ ಒಣಗಿಸುತ್ತಾರೆ. ಹಸಿರು ಚಹಾದ ಎಲೆಯನ್ನು ಕೊಯ್ದ ಸ್ವಲ್ಪ ಹೊತ್ತಿಗೇ ಹಬೆಯಲ್ಲಿಯೋ ಬಾಣಲೆಯಲ್ಲಿಯೋ ಕಾಯಿಸಿ, ಬಣ್ಣ ತಿರುಗದಂತೆ ತಡೆಯುತ್ತಾರೆ. ಬಿಳಿಯ ಚಹಾಕ್ಕೆ ಈ ಎರಡು ಶಿಕ್ಷೆಗಳೂ ಇಲ್ಲ. ಎಳೆಯ ಕುಡಿಯನ್ನು ಬಿದಿರಿನ ತಟ್ಟೆಗಳ ಮೇಲೆ ತೆಳುವಾಗಿ ಹರಡಿ, ಎಳೆಬಿಸಿಲಿನಲ್ಲಿಯೋ ಗಾಳಿಯಾಡುವ ಮನೆಯೊಳಗೋ ಒಂದೆರಡು ದಿನ ಬಾಡಲು ಬಿಟ್ಟು, ಬಳಿಕ ಹದವಾದ ಶಾಖದಲ್ಲಿ ತೇವವನ್ನು ತೆಗೆಯುತ್ತಾರೆ. ಹೊಸಕುವುದಿಲ್ಲ, ಹುರಿಯುವುದಿಲ್ಲ. ಮಾಡುವ ಕೆಲಸಕ್ಕಿಂತ ಮಾಡದೆ ಬಿಡುವ ಕೆಲಸವೇ ಇಲ್ಲಿ ಹೆಚ್ಚು. ಆದರೆ ಬಾಡುವ ಹೊತ್ತು ಒಂದಿಷ್ಟು ಹೆಚ್ಚಾದರೆ ಎಲೆ ಕೆಂಪಾಗುತ್ತದೆ, ಕಡಿಮೆಯಾದರೆ ಹಸಿವಾಸನೆ ಉಳಿಯುತ್ತದೆ. ಆದ್ದರಿಂದ ಸುಮ್ಮನಿರುವುದಕ್ಕೂ ಇಲ್ಲಿ ನುರಿತ ಕಣ್ಣು ಬೇಕು.

ಇದರ ತವರು ಚೀನಾದ ಆಗ್ನೇಯ ಕರಾವಳಿಯ ಫುಜಿಯಾನ್ ಪ್ರಾಂತ. ಅಲ್ಲಿಯ ಫುಡಿಂಗ್ ಮತ್ತು ಝೆಂಗ್‌ಹೆ ಎಂಬ ಸೀಮೆಗಳು ಇದಕ್ಕೆ ಹೆಸರಾದವು. ವಸಂತದ ಆರಂಭದಲ್ಲಿ ಇನ್ನೂ ಅರಳದ ಮೊಗ್ಗಿನಂತಹ ಕುಡಿಯನ್ನು ಮಾತ್ರ ಕೊಯ್ದು ಮಾಡಿದುದಕ್ಕೆ ‘ಬೆಳ್ಳಿಯ ಸೂಜಿ’ ಎಂದು ಹೆಸರು. ಕುಡಿಯೊಡನೆ ಒಂದೆರಡು ಎಳೆಯ ಎಲೆಗಳೂ ಇದ್ದರೆ ಅದು ‘ಬಿಳಿಯ ಪಿಯೋನಿ’. ಪಿಯೋನಿ ಚೀನೀಯರ ಪ್ರೀತಿಯ ಹೂವು. ಕುಡಿಯ ಮೈಮೇಲೆ ನವಿರಾದ ಬೆಳ್ಳನೆಯ ರೋಮಗಳಿರುವುದರಿಂದಲೇ ಈ ಚಹಾಕ್ಕೆ ಬಿಳಿಯದೆಂಬ ಹೆಸರು ಬಂದಿತು. ಬಟ್ಟಲಿಗೆ ಇಳಿದ ರಸ ಬಿಳಿಯದಲ್ಲ. ತೆಳುವಾದ ಹೊನ್ನಿನ ಬಣ್ಣದ್ದು.

ಬಿಳಿಯ ಚಹಾದ ಹೆಸರನ್ನು ಬಹು ಹಿಂದೆಯೇ ಹೊಗಳಿದವನೊಬ್ಬ ಚಕ್ರವರ್ತಿ. ಸಾಂಗ್ ವಂಶದ ಹುಯ್‌ಜೋಂಗ್ ೧೧೦೭ರ ಸುಮಾರಿಗೆ ಚಹಾದ ಮೇಲೆ ಒಂದು ಗ್ರಂಥವನ್ನೇ ಬರೆದು, ಅದರಲ್ಲಿ ಅಪರೂಪದ ಬಿಳಿಯ ಚಹಾವನ್ನು ವಿಶೇಷವಾಗಿ ಕೊಂಡಾಡಿದ. ಆತ ಕಂಡದ್ದು ಬಿಳಿಚಿದ ಎಲೆಗಳ ವಿರಳವಾದ ಮರ. ಇಂದಿನ ಬಿಳಿಯ ಚಹಾ ಅದಲ್ಲ. ಆತ ಒಳ್ಳೆಯ ಚಿತ್ರಕಾರ, ಸೊಗಸಾದ ಅಕ್ಷರ ಬರೆಯುವವ, ರಸಿಕ. ಆದರೆ ೧೧೨೭ರಲ್ಲಿ ಉತ್ತರದ ಜುರ್ಚೆನ್ ಪಡೆಗಳು ಅವನ ರಾಜಧಾನಿಯಾದ ಕೈಫೆಂಗನ್ನು ಹಿಡಿದು, ಅವನನ್ನು ಸೆರೆಯಾಗಿ ಒಯ್ದವು. ೧೧೩೫ರಲ್ಲಿ ಸೆರೆಯಲ್ಲಿಯೇ ಆತ ತೀರಿಕೊಂಡ. ಆ ಸೋಲಿಗೆ ಚಹಾ ಕಾರಣವೆಂದು ಯಾರೂ ಹೇಳಲಾರರು. ಆದರೂ, ಬಟ್ಟಲಿನೊಳಗಿನ ಬಣ್ಣವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು ಬಟ್ಟಲಿನಾಚೆಗೂ ಅಷ್ಟೇ ಸೂಕ್ಷ್ಮವಾಗಿ ನೋಡಿದ್ದರೆ ಎಂದು ಚರಿತ್ರೆಯನ್ನು ಓದುವವರಿಗೆ ಅನ್ನಿಸದಿರದು.

ಇನ್ನು ಕಿತ್ತಳೆಯ ವಿಚಾರ. ಗ್ವಾಂಗ್‌ಝೌ ನಗರವಿರುವ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿಯೇ ಶಿನ್‌ಹುಯ್ ಎಂಬ ಸೀಮೆಯಿದೆ. ಅಲ್ಲಿಯ ಜನರಿಗೆ ಕಿತ್ತಳೆಯ ತೊಳೆಗಿಂತ ಸಿಪ್ಪೆಯ ಮೇಲೆಯೇ ಅಭಿಮಾನ ಹೆಚ್ಚು. ಸಿಪ್ಪೆಯನ್ನು ಮೂರು ದಳಗಳಾಗಿ ಸುಲಿದು, ಬಿಸಿಲಿಗೆ ಒಣಗಿಸಿ, ವರ್ಷಗಟ್ಟಲೆ ಇಟ್ಟು ಹಳೆಯದು ಮಾಡುತ್ತಾರೆ. ಮೂರು ವರ್ಷವಾದರೂ ಕಳೆದ ಮೇಲೆಯೇ ಅದಕ್ಕೆ ‘ಚೆನ್‌ಪಿ’, ಎಂದರೆ ಹಳೆಯ ಸಿಪ್ಪೆ, ಎಂಬ ಮರ್ಯಾದೆಯ ಹೆಸರು ಸಲ್ಲುತ್ತದೆ. ಬಿಳಿಯ ಚಹಾವನ್ನೂ ಹಾಗೆಯೇ ಇಟ್ಟು ಹಳೆಯದು ಮಾಡುವ ರೂಢಿ ಫುಡಿಂಗಿನವರದು. ಈ ಎರಡು ಹಳೆಯ ವಸ್ತುಗಳನ್ನು ಒಂದೇ ಪಾತ್ರೆಯಲ್ಲಿ ಸೇರಿಸಿದ್ದೇ ಮಗಳು ತಂದ ಡಬ್ಬಿಯ ಚಹಾ. ಐರೋಪ್ಯರು ಇದೇ ಕೆಲಸವನ್ನು ಬೇರೆ ಹಣ್ಣಿನಿಂದ ಮಾಡಿದರು. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಲ್ಲಿ ಬೆಳೆಯುವ ಬರ್ಗಮಾಟ್ ಎಂಬ ಹುಳಿಹಣ್ಣಿನ ಸಿಪ್ಪೆಯ ಎಣ್ಣೆಯನ್ನು ಕಪ್ಪು ಚಹಾಕ್ಕೆ ಸೇರಿಸಿದರೆ ಅದು ‘ಅರ್ಲ್ ಗ್ರೇ’. ೧೮೩೦ರಿಂದ ೧೮೩೪ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಗ್ರೇ ಪ್ರಭುವಿನ ಹೆಸರು ಅದಕ್ಕೆ ಅಂಟಿಕೊಂಡಿದೆ. ಅದೇ ಎಣ್ಣೆಯನ್ನು ಬಿಳಿಯ ಚಹಾಕ್ಕೆ ಹಾಕಿ ಮಾರುವುದೂ ಈಗ ಉಂಟು.

ಸಿಪ್ಪೆಗೂ ಚಹಾಕ್ಕೂ ಇಷ್ಟು ಸುಲಭವಾಗಿ ಹೊಂದಿಕೆಯಾಗುವುದಕ್ಕೆ ಕಾರಣವಿಲ್ಲದಿಲ್ಲ. ಲಿನಲೂಲ್ ಎಂಬ ಸುಗಂಧದ್ರವ್ಯ ಚಹಾದ ಎಲೆಯ ಪರಿಮಳದಲ್ಲಿಯೂ ಇದೆ, ಬರ್ಗಮಾಟಿನ ಎಣ್ಣೆಯಲ್ಲಿಯೂ ಇದೆ. ಕಿತ್ತಳೆಯ ಸಿಪ್ಪೆಯ ಮೇಲೆ ಕಾಣುವ ಸಣ್ಣ ಸಣ್ಣ ಚುಕ್ಕೆಗಳೆಲ್ಲ ಎಣ್ಣೆಯ ಗೂಡುಗಳು. ದೀಪದ ಕುಡಿಯ ಬಳಿ ಸಿಪ್ಪೆಯನ್ನು ಹಿಂಡಿ ಕಿಡಿ ಹಾರಿಸಿ ಬೈಸಿಕೊಂಡ ಮಕ್ಕಳಿಗೆಲ್ಲ ಈ ಎಣ್ಣೆಯ ಪರಿಚಯ ಹಿಂದೆಯೇ ಆಗಿದೆ. ಸುವಾಸನೆಯೆಲ್ಲ ಹೊರಪದರದಲ್ಲಿ; ಒಳಗಿನ ಬಿಳಿಯ ಮೆತ್ತೆಯಲ್ಲಿ ಕಹಿ. ನಿಂಬೆಯ ರಸವನ್ನೇ ಹಿಂಡಿದರೆ ಹುಳಿ ಮುಂದಾಗಿ, ಬಿಳಿಯ ಚಹಾದಂತಹ ಮೃದುವಾದ ರುಚಿ ಮುಳುಗಿಹೋಗುತ್ತದೆ. ಆದ್ದರಿಂದ ಇಲ್ಲಿ ಬೇಕಾದುದು ಸಿಪ್ಪೆ. ಅದೂ ಉಗುರಿನಗಲದ ಒಂದೆರಡು ಚೂರು.

ಇದನ್ನೆಲ್ಲ ಮಗಳು ಹೇಳಿ ಮುಗಿಸಿದಾಗ ಗೃಹಿಣಿಗೆ ಆಶ್ಚರ್ಯವೇನೂ ಆಗಲಿಲ್ಲ. ಕನ್ನಡದ ಅಡಿಗೆಮನೆ ಕಿತ್ತಳೆಯ ಸಿಪ್ಪೆಯನ್ನು ಎಂದು ತಾನೆ ಎಸೆದಿದೆ? ಹುಣಸೆ ಬೆಲ್ಲ ಹಾಕಿ ಗೊಜ್ಜು ಮಾಡುವುದು ಅದರಿಂದಲೇ. ಒಣಗಿಸಿ ಪುಡಿಮಾಡಿ ಸೀಗೆಪುಡಿಗೆ ಬೆರೆಸುವುದೂ ಅದನ್ನೇ. ನಿಂಬೆ, ಗಜನಿಂಬೆ, ಹೇರಳೆ, ಮಾದಲ, ಚಕ್ಕೋತ ಎಂದು ಈ ಬಳಗದ ಒಂದೊಂದಕ್ಕೂ ಹೆಸರಿಟ್ಟು, ಉಪ್ಪಿನಕಾಯಿಗೆ ಯಾವುದು ಚಿತ್ರಾನ್ನಕ್ಕೆ ಯಾವುದು ಎಂದು ವಿಂಗಡಿಸಿದ ಮನೆಗಳಿವು. ಕಾಫಿಯ ತೋಟಗಳ ನಡುವೆ ಬೆಳೆಯುತ್ತಿದ್ದ, ತೆಳುಸಿಪ್ಪೆಯ ಕೊಡಗಿನ ಕಿತ್ತಳೆಯ ಬುಟ್ಟಿಗಳನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಗ್ರೀನಿಂಗ್ ಎಂಬ ರೋಗವನ್ನು ಸಣ್ಣದೊಂದು ಕೀಟ ಗಿಡದಿಂದ ಗಿಡಕ್ಕೆ ಹರಡಿ, ಆ ತೋಟಗಳು ಬಹುಮಟ್ಟಿಗೆ ಕ್ಷೀಣಿಸಿದವು. “ಆ ಹಣ್ಣು ಸಿಕ್ಕಿದ್ದರೆ ಚೀನಾದ ಸಿಪ್ಪೆ ಏಕೆ ಬೇಕಿತ್ತು?” ಎಂದರು ಗೃಹಿಣಿ. ಉತ್ತರ ಕೊಡುವವರು ಯಾರೂ ಇರಲಿಲ್ಲ.

ಎರಡನೆಯ ಪ್ರಯತ್ನದ ಹೊಣೆಯನ್ನು ಮಗಳೇ ಹೊತ್ತಳು. ನೀರು ಕುದಿಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ೧೦೦ ಡಿಗ್ರಿಯವರೆಗೆ ಕಾಯದೆ ೯೭ರ ಸುಮಾರಿಗೇ ಕುದಿಯುತ್ತದೆ. ಆದರೆ ಎಳೆಯ ಕುಡಿಗಳಿಗೆ ಆ ಬಿಸಿಯೂ ಹೆಚ್ಚು. ೮೦ ಡಿಗ್ರಿಯ ಆಸುಪಾಸಿನ ನೀರು ಹಿತ. ಹಳೆಯ ಎಲೆಗೆ ಕುದಿನೀರನ್ನೇ ಹೊಯ್ಯುವವರು ಉಂಟಾದರೂ, ಮೊದಲ ಬಾರಿ ಮೃದುವಾದ ಮಾರ್ಗವೇ ಕ್ಷೇಮವೆಂದು ಮಗಳು ಪಾತ್ರೆಯನ್ನು ಒಲೆಯಿಂದ ಇಳಿಸಿ ಮುಚ್ಚಳ ತೆಗೆದಿಟ್ಟು, “ಇನ್ನು ಐದಾರು ನಿಮಿಷ ಯಾರೂ ಮುಟ್ಟಬೇಡಿ” ಎಂದು ಹೇಳಿ, ಕೈಯಲ್ಲಿ ಗುಣುಗುಟ್ಟುತ್ತಿದ್ದ ಫೋನಿನೊಡನೆ ತನ್ನ ಕೋಣೆಗೆ ಹೋದಳು. ಅವಳ ಕಚೇರಿ ಅವಳೊಡನೆಯೇ ಮನೆಗೆ ಬರುತ್ತದೆ.

ರಾಯರಿಗೆ ಮಾಡಲು ಬೇರೇನೂ ಕೆಲಸವಿರಲಿಲ್ಲ. ಶುಂಠಿಯ ಚಹಾ ಬಂದ ಕೂಡಲೇ ಪತ್ರಿಕೆಯನ್ನು ಮುಖಕ್ಕೆ ಹಿಡಿಯುವುದು ಅವರ ಪದ್ಧತಿ. ಇಂದು ಚಹಾ ಇನ್ನೂ ಬಂದಿಲ್ಲವಾದ್ದರಿಂದ ಪತ್ರಿಕೆಯನ್ನು ತೆಗೆಯುವ ಮುಹೂರ್ತವೂ ಬಂದಿರಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು, ನೀರು ಆರುವುದನ್ನು ಕಾಯುತ್ತ ಕುಳಿತರು. ಕಾಯುವವನಿಗೆ ಎದುರಿಗಿರುವುದು ಕಾಣಲೇಬೇಕಲ್ಲವೆ?

ಗೃಹಿಣಿ ಬೇಳೆ ತೊಳೆದು ಕುಕ್ಕರಿಗೆ ಇಟ್ಟರು. ಕರೆಗಂಟೆಯಾಯಿತು, ಇಸ್ತ್ರಿಯ ಬಟ್ಟೆ ತೆಗೆದುಕೊಂಡು ಲೆಕ್ಕ ಹೇಳಿ ಕಳುಹಿಸಿದರು. ದೇವರ ಮುಂದೆ ದೀಪ ಹಚ್ಚಿದರು. ಬಾಲ್ಕನಿಯ ತಂತಿಯ ಮೇಲಿನ ಬಟ್ಟೆಗಳನ್ನು ತಂದು ಮಡಿಸಲು ಕುಳಿತರು. ಎರಡು ಮಡಿಸುವಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದರು. ಬಂದು ಕುಳಿತರೆ ಒಳಕೋಣೆಯಿಂದ ರಾಯರ ತಾಯಿಯವರು ಮಾತ್ರೆಗೆ ನೀರು ಕೇಳಿದರು, ಮತ್ತೆ ಎದ್ದರು. ಹಾಲಿಗೆ ಹೆಪ್ಪು ಹಾಕಬೇಕಾಗಿತ್ತು. ಇಷ್ಟರ ನಡುವೆ ಅವರದೇ ಒಂದು ಲೋಟ, ಮಧ್ಯಾಹ್ನದ ಚಹಾದ ಉಳಿಕೆ, ಕಟ್ಟೆಯ ಮೂಲೆಯಲ್ಲಿ ಕೆನೆಗಟ್ಟಿ ಕುಳಿತಿತ್ತು.

ರಾಯರು ಲೆಕ್ಕದ ಮನುಷ್ಯ. ತಮಗೆ ಅರಿವಿಲ್ಲದೆಯೇ ಎಣಿಸಿದ್ದರು: ಆರು ನಿಮಿಷ, ಏಳು ಬಾರಿ ಎದ್ದದ್ದು.

“ಅಲ್ಲವೇ, ನಿನ್ನ ಕೆಲಸ ಸಂಜೆ ಎಷ್ಟು ಗಂಟೆಗೆ ಮುಗಿಯುತ್ತದೆ?”

ಗೃಹಿಣಿ ಮಡಿಸುತ್ತಿದ್ದ ಬಟ್ಟೆಯನ್ನು ಹಾಗೆಯೇ ಹಿಡಿದು ನೋಡಿದರು. ಹಾಸ್ಯವೋ ಆಕ್ಷೇಪಣೆಯೋ ತಿಳಿಯಲಿಲ್ಲ. “ಮುಗಿಯುವುದೆ? ನಿಮ್ಮ ಕಚೇರಿಗೆ ಭಾನುವಾರವಿದೆ. ಒಲೆಗೆ ಯಾವ ವಾರ?” ಎಂದು ನಕ್ಕು ಒಳಗೆ ಹೋದರು.

ಆ ನಗು ರಾಯರಿಗೆ ಅಷ್ಟು ಸುಲಭವಾಗಿ ಜೀರ್ಣವಾಗಲಿಲ್ಲ.

ದುಡಿಮೆಗೆ ಒಂದು ಕೊನೆ ಇರಬೇಕೆಂಬುದು ಲೋಕಕ್ಕೆ ತಾನಾಗಿ ಹೊಳೆದ ಮಾತಲ್ಲ. ಕೆಲಸಗಾರರು ಬಹುಕಾಲ ಹೋರಾಡಿ ಪಡೆದದ್ದು. ಸ್ವತಂತ್ರ ಭಾರತದ ೧೯೪೮ರ ಕಾರ್ಖಾನೆಗಳ ಕಾಯಿದೆ ವಾರಕ್ಕೆ ೪೮ ಗಂಟೆಗಳ ಮಿತಿಯನ್ನು ಹಾಕಿತು. ಐದು ಗಂಟೆ ದುಡಿಯುವಷ್ಟರಲ್ಲಿ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕೆಂದಿತು. ಗಂಟೆ ಬಾರಿಸಿತು, ಕೆಲಸ ನಿಂತಿತು ಎನ್ನುವುದಕ್ಕೆ ಕಾನೂನಿನ ಬಲ ಬಂತು. ಆದರೆ ಆ ಗಂಟೆಯ ಸದ್ದು ಅಡಿಗೆಮನೆಯವರೆಗೆ ಮುಟ್ಟಲಿಲ್ಲ. ೨೦೧೯ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದವರ ಪೈಕಿ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ ೨೯೯ ನಿಮಿಷ ವ್ಯಯಿಸುತ್ತಿದ್ದರು. ಗಂಡಸರು ೯೭ ನಿಮಿಷ. ಒಂದು ಕಡೆ ಸುಮಾರು ಐದು ಗಂಟೆ, ಇನ್ನೊಂದು ಕಡೆ ಒಂದೂವರೆ ಗಂಟೆಯ ಮೇಲೆ ಸ್ವಲ್ಪ. ಆ ೯೭ ಸಹ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರದು ಮಾತ್ರ. ಕೈಯನ್ನೇ ಹಾಕದವರು ಆ ಲೆಕ್ಕದೊಳಕ್ಕೆ ಬಂದೇ ಇಲ್ಲ. ರಾಯರು ಮೂವತ್ತು ವರ್ಷ ಯಾವ ಪಟ್ಟಿಯಲ್ಲಿದ್ದರು ಎಂಬುದನ್ನು ಅವರೇ ಹೇಳಬೇಕು.

ಬಟ್ಟಲಿನ ಎಲೆಯ ಹಿಂದೆಯೂ ಇಂತಹುದೇ ಒಂದು ಸಂಜೆಯುಂಟು. ಬಿಳಿಯ ಚಹಾ ಈಗ ಚೀನಾದ ಸೊತ್ತು ಮಾತ್ರವಲ್ಲ. ಡಾರ್ಜಿಲಿಂಗಿನಲ್ಲಿಯೂ ಕರ್ನಾಟಕದ ಗಡಿಗೆ ಹೊಂದಿದ ನೀಲಗಿರಿಯಲ್ಲಿಯೂ ತಯಾರಾಗುತ್ತದೆ. ಎಳೆಯ ಕುಡಿ ಕಂದದಂತೆ ಕೀಳಬೇಕಾದರೆ ಬೆರಳುಗಳೇ ಬೇಕು, ಮತ್ತು ಈ ದೇಶದ ಚಹಾ ತೋಟಗಳಲ್ಲಿ ಆ ಬೆರಳುಗಳು ಹೆಚ್ಚಾಗಿ ಹೆಂಗಸರವು. ಕೊಯ್ದ ಎಲೆಯನ್ನು ತೂಗಿ ಬರೆಸಿದ ಮೇಲೆ ತೋಟದ ಕೆಲಸ ಮುಗಿಯುತ್ತದೆ. ಅಲ್ಲಿಂದ ಮನೆಗೆ ಹೋದರೆ ಅಲ್ಲಿಯೂ ಒಂದು ಒಲೆ ಕಾದಿರುತ್ತದೆ. ದಣಿದವರಿಗೆ ವಿಶ್ರಾಂತಿ ಕೊಡುವ ಪಾನೀಯವೆಂದು ಹೊಗಳಿಸಿಕೊಳ್ಳುವ ವಸ್ತು, ವಿಶ್ರಾಂತಿಯ ಹಂಚಿಕೆ ಎಷ್ಟು ಓರೆಯಾಗಿದೆಯೆಂಬುದನ್ನೂ ಜೊತೆಯಲ್ಲಿಯೇ ಹೊತ್ತು ತಂದಿರುತ್ತದೆ.

ನೀರು ಆರಿತು. ಒಂದು ಬಟ್ಟಲಿಗೆ ಎರಡು ಗ್ರಾಮಿನಷ್ಟು ಎಲೆ, ಸಿಪ್ಪೆಯ ಚೂರು, ಮೂರು ನಾಲ್ಕು ನಿಮಿಷದ ನೆನೆತ, ಹಾಲಿಲ್ಲ, ಸಕ್ಕರೆಯಿಲ್ಲ. ಮೊದಲ ಗುಟುಕಿನಲ್ಲಿ ಏನೂ ಇಲ್ಲವೆನ್ನಿಸಿತು. ಎರಡನೆಯದರಲ್ಲಿ ಹುಲ್ಲಿನ ಬಣವೆಯ ಮೇಲೆ ಬಿಸಿಲು ಬಿದ್ದಾಗ ಬರುವ ವಾಸನೆ, ಅದರ ಹಿಂದೆ ಕಿತ್ತಳೆಯ ಒಂದು ಎಳೆ. ಬಟ್ಟಲು ಮುಗಿಯುವ ವೇಳೆಗೆ ಗಂಟಲಿನಲ್ಲಿ ಒಂದು ತಂಪಾದ ಸಿಹಿ. ರಾಯರು ಏನನ್ನೂ ಹೇಳಲಿಲ್ಲ. ಬೆಲೆಯನ್ನು ಮಾತ್ರ ಮತ್ತೆ ಕೇಳಲಿಲ್ಲ. ಡಬ್ಬಿಯ ಮೇಲೆ ಮೈ ಕರಗುತ್ತದೆ, ಆಯುಸ್ಸು ಹೆಚ್ಚುತ್ತದೆ ಎಂದು ಬರೆದಿರುವುದನ್ನೆಲ್ಲ ನಂಬಬೇಕಾಗಿಲ್ಲ. ಕೆಫೀನ್ ಇದರಲ್ಲಿ ಇಲ್ಲವೆಂಬ ಮಾತೂ ಸುಳ್ಳು; ಎಳೆಯ ಕುಡಿಯಲ್ಲಿ ಅದು ಸಾಕಷ್ಟಿದೆ. ಕುಡಿದುದರ ಅರ್ಧಭಾಗ ಮೈಯಿಂದ ಕಳೆಯಲು ಐದಾರು ಗಂಟೆ ಹಿಡಿಯುವುದರಿಂದ, ನಿದ್ರೆ ಸೂಕ್ಷ್ಮವಾದವರು ದೀಪ ಹಚ್ಚುವುದಕ್ಕೆ ಮೊದಲೇ ಕುಡಿದು ಮುಗಿಸುವುದು ಒಳ್ಳೆಯದು.

ಈ ಎಲೆಗೆ ಇನ್ನೊಂದು ಗುಣವುಂಟು. ಒಮ್ಮೆ ನೀರು ಹೊಯ್ದ ಮಾತ್ರಕ್ಕೆ ಸತ್ವವನ್ನೆಲ್ಲ ಬಿಟ್ಟುಕೊಡುವುದಿಲ್ಲ. ಎರಡನೆಯ, ಮೂರನೆಯ ನೀರಿಗೂ ರುಚಿ ಇಳಿಯುತ್ತದೆ. ಮೊದಲ ಕೆಲವು ದಿನ ಮನೆಯವರಿಗೆಲ್ಲ ಮೊದಲ ನೀರಿನದನ್ನು ಕೊಟ್ಟು, ಗೃಹಿಣಿ ಮೂರನೆಯ ನೀರಿನದನ್ನು ಕಟ್ಟೆಯ ಬಳಿ ನಿಂತುಕೊಂಡೇ ಕುಡಿದರು. ರಾಯರು ನೋಡಿದರು, ಎಣಿಸಿದರು. ನಾಲ್ಕನೆಯ ದಿನ ಕಚೇರಿಯಿಂದ ಬಂದವರು ಕೈಕಾಲು ತೊಳೆದು ನೇರವಾಗಿ ಅಡಿಗೆಮನೆಗೆ ನಡೆದು, ನೀರು ಕಾಯಿಸಿ, ಇಳಿಸಿ, ಮುಚ್ಚಳ ತೆಗೆದಿಟ್ಟರು. ಮೊದಲ ಬಟ್ಟಲನ್ನು ಬಾಲ್ಕನಿಯ ಕುರ್ಚಿಯ ಪಕ್ಕದಲ್ಲಿಟ್ಟು, “ಬಾ, ಕೂತುಕೋ” ಎಂದರು.

“ಕುಕ್ಕರ್ ಇಟ್ಟಿದ್ದೇನೆ, ಕೂಗುತ್ತದೆ.”

“ಕೂಗಲಿ. ಎಷ್ಟು ಕೂಗಿಗೆ ಆರಿಸಬೇಕು, ಹೇಳು.”

“ಮೂರು.”

ಗೃಹಿಣಿ ಕುಳಿತರು. ಮೊದಲ ಕೂಗಿಗೆ ಅಭ್ಯಾಸಬಲದಿಂದ ಎದ್ದರು, ಮತ್ತೆ ಕುಳಿತರು. ಮೂರನೆಯ ಕೂಗಿಗೆ ರಾಯರು ಗಂಭೀರವಾಗಿ ಒಳಗೆ ಹೋಗಿ ಒಲೆಯ ಗುಂಡಿಯನ್ನು ತಿರುಗಿಸಿ ಬಂದರು. ನಾಲ್ಕನೆಯ ಕೂಗು ಕೇಳಿಸಿದ ಮೇಲೆಯೇ ತಾವು ಆರಿಸಿದ್ದು ಪಕ್ಕದ ಒಲೆಯನ್ನೆಂದು ತಿಳಿದದ್ದು.

ಬೇಳೆ ಆ ದಿನ ಸ್ವಲ್ಪ ಹೆಚ್ಚು ಬೆಂದಿತ್ತು. ಸಾರಿಗೆ ಅದರಿಂದ ಕೊರತೆಯೇನೂ ಆಗಲಿಲ್ಲವೆಂದು ಮಗಳು ಹೇಳಿದಳು. ಚೀನಾದ ಡಬ್ಬಿ ಈಗ ಬರಿದಾಗಿದೆ. ಅದರಲ್ಲಿ ನೀಲಗಿರಿಯ ಎಲೆ ತುಂಬಿದೆ. ಮಹಡಿಯ ಮೇಲಿನ ಮೊರದಲ್ಲಿ ಕಿತ್ತಳೆಯ ಸಿಪ್ಪೆ ಒಣಗುತ್ತಿದೆ. ಅದರಲ್ಲಿ ಅರ್ಧ ಗೊಜ್ಜಿಗೆ ಹೋಗುತ್ತದೆಯೋ ಚಹಾಕ್ಕೋ ಎಂಬ ಚರ್ಚೆ, ದಿನವೂ ಸಂಜೆ ಆರು ಗಂಟೆಗೆ, ಬಾಲ್ಕನಿಯ ಎರಡು ಕುರ್ಚಿಗಳ ನಡುವೆ ನಡೆಯುತ್ತಿದೆ.